ಅಂಕವನ್ನು ಓದುವ ಬಗೆ

(ಶಿರೂರಿನ ಕನ್ನಡಿಗರ ಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಘೋಡ ನದಿಯ ದಂಡೆಯ ಈ ಊರಿಗೆ ನಮ್ಮವರು ಬಂದದ್ದು ಹೊಟ್ಟೆಪಾಡಿಗಾಗಿ. ರಾಂಜಣಗಾಂವದ ಕಾರ್ಖಾನೆಗಳಿಗೆ ಬಂದವರಿದ್ದಾರೆ. ಕಟ್ಟಡದ ಕೆಲಸ ಹುಡುಕಿಕೊಂಡು ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದವರಿದ್ದಾರೆ. ಇವರ ಮಕ್ಕಳಲ್ಲಿ ಹಲವರು ಕಲಿಯುವುದು ಮರಾಠಿ ಮಾಧ್ಯಮದ ಶಾಲೆಗಳಲ್ಲಿ. ನಮ್ಮ ಸಭೆಗಳಲ್ಲಿ ಕನ್ನಡದ ಅಳಿವು ಉಳಿವುಗಳ ಬಗ್ಗೆ ದೊಡ್ಡ ಮಾತುಗಳನ್ನು ಆಡುತ್ತೇವೆ. ಆ ಮಕ್ಕಳ ಅಂಕಪಟ್ಟಿಯನ್ನು ಮಾತ್ರ ಬಿಚ್ಚಿ ನೋಡುವುದಿಲ್ಲ. ಇಂದು ಅದನ್ನು ಬಿಚ್ಚಬೇಕೆಂದಿದ್ದೇನೆ.

ನನ್ನ ತಪ್ಪಿನಿಂದಲೇ ಆರಂಭಿಸುವೆ. ನಾನು ಅಕ್ಕಲಕೋಟೆಯ ಕಡೆಯವಳು. ಕನ್ನಡದಲ್ಲಿ ಅಕ್ಷರ ಕಲಿತು, ಮರಾಠಿ ಶಾಲೆಗಳಲ್ಲಿ ಕಲಿಸುತ್ತಾ ನಿವೃತ್ತಳಾದೆ. ಮೂರನೆಯ ತರಗತಿಯಲ್ಲಿ ಗಾರೆ ಕೆಲಸದವರ ಹುಡುಗನೊಬ್ಬನಿದ್ದ. ಎರಡು ಪರೀಕ್ಷೆಗಳಲ್ಲಿ ಗಣಿತದಲ್ಲಿ ಅವನಿಗೆ ತೀರ ಕಡಿಮೆ ಅಂಕ ಬಂದಿತ್ತು. ಅವನ ಹೆಸರಿನ ಮುಂದೆ ‘ಕಚ್ಚಾ’ ಎಂದು ಬರೆದು ಪುಟ ತಿರುವಿದೆ. ಅಂಕವು ತೀರ್ಪಾಯಿತು, ಪ್ರಶ್ನೆಯಾಗಲಿಲ್ಲ.

ಒಂದು ಸಂಜೆ ತರಗತಿಯ ಉತ್ತರಪತ್ರಿಕೆಗಳನ್ನೆಲ್ಲ ಹರಡಿಕೊಂಡು, ಒಟ್ಟು ಅಂಕದ ಬದಲು ಒಂದೊಂದು ಪ್ರಶ್ನೆಗೂ ಒಂದೊಂದು ಅಂಕಣ ಎಳೆದು, ಯಾರು ಎಲ್ಲಿ ತಪ್ಪಿದರೆಂದು ಗುರುತು ಹಾಕುತ್ತಾ ಹೋದೆ. ಆ ಹುಡುಗನ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಅಂಕಿಗಳಲ್ಲೇ ಕೊಟ್ಟ ಕಳೆಯುವ ಲೆಕ್ಕಗಳೆಲ್ಲ ಸರಿಯಾಗಿದ್ದವು. ಮಾತಿನ ಲೆಕ್ಕಗಳೆಲ್ಲ ತಪ್ಪು. ನಾನು ಹೇಳಿ ಬರೆಸಿದ ಸಂಖ್ಯೆಗಳು ತಿರುಗುಮುರುಗು: 25 ಇರಬೇಕಾದಲ್ಲಿ 52, 43 ಇರಬೇಕಾದಲ್ಲಿ 34.

ಬಂಧುಗಳೆ, ಇದು ದಡ್ಡತನವಲ್ಲ, ಕನ್ನಡ. ‘ಇಪ್ಪತ್ತೈದು’ ಎಂಬಲ್ಲಿ ಇಪ್ಪತ್ತು ಮೊದಲು, ಐದು ಅನಂತರ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಅನಂತರ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ 52 ಆಗದೆ ಮತ್ತೇನಾದೀತು? ಮಾತಿನ ಲೆಕ್ಕದ ಕೊನೆಗೆ ‘ಕಿತೀ ಉರಲೇ?’ ಎಂದಿರುತ್ತಿತ್ತು. ಮರುದಿನ ಅವನನ್ನು ಹತ್ತಿರ ಕರೆದು, ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ‘ಎಷ್ಟು ಉಳದಾವಪ್ಪಾ?’ ಎಂದೆ. ‘ಹದಿನೇಳ್ರಿ ಬಾಯಿ’ ಎಂದ, ಬೆರಳನ್ನೂ ಮಡಿಸದೆ. ಅವನ ಭಾಷೆಯೇ ನನ್ನ ಭಾಷೆಯಾಗಿದ್ದರೂ ಅಷ್ಟು ತಿಂಗಳು ಅದು ನನಗೆ ತಿಳಿದಿರಲಿಲ್ಲ. ಅಂದು ನನಗಾದ ನಾಚಿಕೆ ಇನ್ನೂ ಮಾಸಿಲ್ಲ.

ಈ ತೊಡಕು ಕನ್ನಡ ಮಕ್ಕಳಿಗಷ್ಟೇ ಸೀಮಿತವೆಂದು ಭಾವಿಸಬೇಡಿ. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ‘ಏಕವೀಸ’, ‘ಬಾವೀಸ’ಗಳ ಜೊತೆಗೆ ‘ವೀಸ ಏಕ’, ‘ವೀಸ ದೋನ’ ಎಂಬ ಕ್ರಮವನ್ನೂ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ವಿವಾದವೆದ್ದಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಆ ಕ್ರಮವನ್ನು ಸಮರ್ಥಿಸಿದರು. ಮರಾಠಿ ಮಕ್ಕಳೇ ಎಡವುವ ಕಡೆ ನಮ್ಮ ಮಗು ಎಡವಿದರೆ ಆಶ್ಚರ್ಯವೇನು?

ಮುಂದೆ ನಾನು ಮಾಡಿದ್ದು ಸಣ್ಣ ಕೆಲಸ. ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿಗಳನ್ನು ಕೊಟ್ಟು ಸಂಖ್ಯೆಗಳನ್ನು ಹೇಳಿಸಿದೆ. ಉರಲೇ ಎಂದರೆ ಉಳಿದವು, ಏಕೂಣ ಎಂದರೆ ಒಟ್ಟು, ಪ್ರತ್ಯೇಕೀ ಎಂದರೆ ಒಬ್ಬೊಬ್ಬರಿಗೆ ಎಂದು ಲೆಕ್ಕಕ್ಕೆ ಬೇಕಾದ ಕೆಲವು ಪದಗಳ ಪಟ್ಟಿ ಮಾಡಿದೆ. ಓದಿನಲ್ಲಿ ಚುರುಕಾದ ಒಬ್ಬ ಮರಾಠಿ ಹುಡುಗಿಯನ್ನು ಅವನ ಪಕ್ಕ ಕೂರಿಸಿದೆ. ಗಣಿತ ಬೇಗ ಸುಧಾರಿಸಿತು. ಮರಾಠಿ ಓದು ವರ್ಷದ ಕೊನೆಗೂ ಕುಂಟುತ್ತಲೇ ಇತ್ತು. ಆದರೆ ಅವನಿಗೆ ಎಲ್ಲಿ ಕೈಹಿಡಿಯಬೇಕೆಂಬುದು ನನಗೆ ಆಗ ಗೊತ್ತಿತ್ತು.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ ಕಲಿ’ಯನ್ನು ನೆನೆಯಿರಿ. ಅಲ್ಲಿ ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ‘ಪ್ರಗತಿ ನೋಟ’ದಲ್ಲಿ ಕಾಣುತ್ತದೆ. ಅದನ್ನು ನೋಡಿಯೇ ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಸಹಾಯ ಸಾಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ತಾವಾಗಿಯೇ ಕಲಿಯುವವರು ಎಂದು ಗುಂಪುಗಳಾಗುತ್ತವೆ. ಮಗುವಿನ ಮೆಟ್ಟಿಲು ಬದಲಾದಂತೆ ಗುಂಪೂ ಬದಲಾಗುತ್ತದೆ. ಅಂಕಿ ಇಲ್ಲಿ ಹಣೆಬರಹವಲ್ಲ, ನಾಳೆಯ ಪಾಠದ ಸಿದ್ಧತೆ.

ನಮ್ಮ ಶಾಲೆಗಳಲ್ಲಿ ಅಂಕಿಗಳಿಗೇನೂ ಬರವಿಲ್ಲ. 2015ರಲ್ಲಿ ಮಹಾರಾಷ್ಟ್ರ ಸರಕಾರ ‘ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ’ ಕಾರ್ಯಕ್ರಮದಲ್ಲಿ ಪಾಯಾಭೂತ ಚಾಚಣಿಗಳನ್ನು ತಂದಿತು. ‘ಪ್ರಥಮ್’ ಸಂಸ್ಥೆಯವರು 2005ರಿಂದ ‘ಅಸರ್’ ಸಮೀಕ್ಷೆಯಲ್ಲಿ ಅಕ್ಷರ, ಪದ, ಪರಿಚ್ಛೇದ, ಕಥೆ ಎಂಬ ಸರಳ ಅಳತೆಗೋಲನ್ನು ಹಳ್ಳಿ ಹಳ್ಳಿಗೂ ಒಯ್ದರು. ಅಂಕಿಗಳು ಶಾಲೆಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುತ್ತವೆ; ತರಗತಿಗೆ ಇಳಿಯುವುದು ಕಡಿಮೆ. ತಪಾಸಣೆಗೆ ಅಂಜಿದ ಶಿಕ್ಷಕರು ಅಂಕಿಯನ್ನು ತಿದ್ದುತ್ತಾರೆ. ಅಂಜದ ಶಿಕ್ಷಕರು ಅಂಕಿಯಿಂದ ತಮ್ಮ ಪಾಠವನ್ನು ತಿದ್ದಿಕೊಳ್ಳುತ್ತಾರೆ. ಈ ಅಂತರವನ್ನು ಆಡಳಿತಗಾರರು ಅರಿಯಬೇಕು.

ಇದು ಕೇವಲ ಔದಾರ್ಯದ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಮು, ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದರೆ ಹೆಚ್ಚಿನ ಪಾಠ ಕೊಡುವುದು ಶಿಕ್ಷಕರ ಕರ್ತವ್ಯವೆನ್ನುತ್ತದೆ. 29ನೆಯ ಕಲಮು, ಸಾಧ್ಯವಿದ್ದ ಮಟ್ಟಿಗೆ ಬೋಧನೆಯ ಮಾಧ್ಯಮ ಮಾತೃಭಾಷೆಯಾಗಿರಬೇಕೆನ್ನುತ್ತದೆ. ಮರಾಠಿ ಶಾಲೆಯಲ್ಲಿ ಕನ್ನಡ ಮಾಧ್ಯಮ ಸಾಧ್ಯವಿಲ್ಲದಿರಬಹುದು. ಶಿಕ್ಷಕರ ದಾಖಲೆಯಲ್ಲಿ ‘ಮನೆಮಾತು’ ಎಂಬ ಒಂದು ಅಂಕಣವಂತೂ ಸಾಧ್ಯ. ಆ ಅಂಕಣವಿಲ್ಲದ ಅಂಕಪಟ್ಟಿಯಲ್ಲಿ ಭಾಷೆಯ ದೂರವೆಲ್ಲ ಬುದ್ಧಿಯ ಕೊರತೆಯಾಗಿ ಕಾಣುತ್ತದೆ.

ಇದನ್ನು ಮರಾಠಿಗರ ಮೇಲಿನ ದೂರಾಗಿ ದಯವಿಟ್ಟು ಕೇಳಬೇಡಿ. ಬೆಳಗಾವಿಯ ಕನ್ನಡ ಶಾಲೆಯಲ್ಲಿ ಕುಳಿತ ಮರಾಠಿ ಮಗು ‘ಇಪ್ಪತ್ತೈದು’ ಕೇಳಿ ತಡವರಿಸಿದರೆ ಅದಕ್ಕೂ ಇದೇ ನ್ಯಾಯ ಸಲ್ಲಬೇಕು. ತನ್ನ ಮಗುವಿಗೆ ಬೇಡುವುದನ್ನು ನೆರೆಯವರ ಮಗುವಿಗೆ ಕೊಡದ ಭಾಷಾಭಿಮಾನ ನನಗೆ ಬೇಡ.

ಕೊನೆಯದಾಗಿ ಸಂಘಕ್ಕೊಂದು ಬಿನ್ನಹ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸೋಣ. ನಮ್ಮಲ್ಲಿ ಎರಡೂ ಭಾಷೆ ಬಲ್ಲವರು ವಾರಕ್ಕೆ ಒಂದು ಸಂಜೆ ಈ ಮಕ್ಕಳ ಜೊತೆ ಕೂರೋಣ. ಅವರ ಉತ್ತರಪತ್ರಿಕೆಗಳನ್ನು ಅವರೊಡನೆಯೇ ಓದಿ, ಕಂಡದ್ದನ್ನು ಅವರ ಶಿಕ್ಷಕರಿಗೆ ವಿನಯದಿಂದ ತಿಳಿಸೋಣ. ಎಷ್ಟು ಅಂಕ ಬಂತು ಎಂದು ಕೇಳುವವರು ಆ ಮಕ್ಕಳಿಗೆ ಬೇಕಾದಷ್ಟು ಇದ್ದಾರೆ. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಅವರ ಮಾತಿನಲ್ಲೇ ಕೇಳುವವರು ನಾವಾಗೋಣ.