ಜಾಕ್ ರಸೆಲ್ ಟೆರಿಯರ್: ಪುಟ್ಟ ನಾಯಿಯ ಹಳೆಯ ಕಸುಬು



ಕಿರುತೆರೆಯ ಮೇಲೆ ನೀವು ಇಪ್ಪತ್ತು ಸೆಕೆಂಡು ನೋಡುವ ಒಂದು ದೃಶ್ಯದ ಹಿಂದೆ ಎಷ್ಟು ಹೊತ್ತಿನ ಕೆಲಸ ಇರುತ್ತದೆ ಎಂಬುದು ನಿಮಗೆ ಕಾಣುವುದಿಲ್ಲ. ಕಾಣಬಾರದೆಂದೇ ನಾವು ಶ್ರಮ ಪಡುತ್ತೇವೆ. ಆದರೆ ಒಮ್ಮೊಮ್ಮೆ ಹಾಗೆ ಮರೆಮಾಡಿದ್ದೇ ತಪ್ಪಾಯಿತೇನೋ ಅನ್ನಿಸುವುದುಂಟು. ಅಂಥ ಒಂದು ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಸಾಕುಪ್ರಾಣಿಗಳನ್ನು ಕುರಿತು ಮಕ್ಕಳ ಕಾರ್ಯಕ್ರಮವೊಂದನ್ನು ನಿರ್ಮಿಸುತ್ತಿದ್ದೆ. ಪರಿಚಿತರೊಬ್ಬರು ತಮ್ಮ ಜಾಕ್ ರಸೆಲ್ ಟೆರಿಯರ್ ನಾಯಿಯನ್ನು ಸ್ಟುಡಿಯೋಗೆ ಕರೆತಂದರು. ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ, ನಮ್ಮ ಮೊಣಕಾಲಿಗೂ ನಿಲುಕದ ಎತ್ತರ. ಅದು ಚೆಂಡನ್ನು ಹಿಡಿದು ತಂದು ನಿರೂಪಕಿಯ ಮಡಿಲಲ್ಲಿ ಕೂರಬೇಕು, ಅಷ್ಟೇ. ಆ ಇಷ್ಟು ಸಣ್ಣ ದೃಶ್ಯಕ್ಕೆ ನಮಗೆ ಇಡೀ ಮಧ್ಯಾಹ್ನ ಹಿಡಿಯಿತು. ನಾಯಿ ಮೊದಲು ಸೆಟ್ಟಿನ ನೆಲಹಾಸನ್ನು ಕೆರೆದು ಮೂಲೆ ಎಬ್ಬಿಸಿತು. ಆಮೇಲೆ ಉದ್ದನೆಯ ಕೋಲಿನ ತುದಿಯಲ್ಲಿ ತೂಗುತ್ತಿದ್ದ ಮೈಕಿನ ತುಪ್ಪಳದ ಹೊದಿಕೆ ಅದರ ಕಣ್ಣಿಗೆ ಬಿತ್ತು. ಒಂದೇ ನೆಗೆತ! ಹೊದಿಕೆಯನ್ನು ಕಚ್ಚಿ ಎಳೆದು ಎಡಕ್ಕೂ ಬಲಕ್ಕೂ ರಪರಪನೆ ಒದರಿತು. ಧ್ವನಿ ವಿಭಾಗದವರು ಕಿವಿಯಿಂದ ಹೆಡ್‌ಫೋನ್ ಕಿತ್ತು ಎದ್ದು ನಿಂತರು. ನಾವೆಲ್ಲ ನಕ್ಕೆವು. ಪ್ರಸಾರವಾದದ್ದು ಮಾತ್ರ ಮಡಿಲಲ್ಲಿ ಕೂತ ಇಪ್ಪತ್ತು ಸೆಕೆಂಡು.

ಕಾರ್ಯಕ್ರಮ ಮುಗಿದ ಮೇಲೆ ಹಲವು ಮಕ್ಕಳ ಪತ್ರಗಳು ಬಂದವು. "ನಮಗೂ ಅಂಥದ್ದೇ ನಾಯಿ ಬೇಕು" ಎಂದು. ಐದಾರು ತಿಂಗಳ ಬಳಿಕ ಬೆಂಗಳೂರಿನ ತಾಯಿಯೊಬ್ಬರು ದೂರವಾಣಿ ಮಾಡಿದರು. "ನಿಮ್ಮ ಕಾರ್ಯಕ್ರಮ ನೋಡಿ ಮಗ ಹಟ ಹಿಡಿದ ಸಾರ್, ತಂದುಕೊಟ್ಟೆವು. ಈಗ ಬಾಗಿಲ ಚೌಕಟ್ಟು ತಿಂದುಹಾಕಿದೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಸಂಜೆತನಕ ಬೊಗಳುತ್ತದಂತೆ, ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಯಾರಿಗಾದರೂ ಕೊಟ್ಟುಬಿಡಬೇಕು, ನೀವೇ ಒಂದು ದಾರಿ ಹೇಳಿ" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಣಿವಿತ್ತು. ಹಿಂದೆ ಹುಡುಗ ಅಳುತ್ತಿರುವುದು ನನಗೆ ಕೇಳಿಸುತ್ತಿತ್ತು.

ನಾನು ವಿಜ್ಞಾನದ ಪದವೀಧರ. ಆ ನಾಯಿ ಹಾಗೇಕೆ ಮಾಡುತ್ತದೆ ಎಂದು ಕೇಳಿಕೊಳ್ಳದೆ, ಅದು ಮುದ್ದಾಗಿ ಕಾಣುವ ಭಾಗವನ್ನಷ್ಟೇ ಕತ್ತರಿಸಿ ನಿಮ್ಮ ಮುಂದೆ ಇಟ್ಟಿದ್ದೆ. ಅಂದು ಬಿಟ್ಟ ಭಾಗವನ್ನು ಇಂದು ಹೇಳುತ್ತೇನೆ.

'ಟೆರಿಯರ್' ಎಂಬ ಹೆಸರು ಬಂದದ್ದು ಲ್ಯಾಟಿನ್ ಭಾಷೆಯ 'ಟೆರ್ರಾ' ಎಂಬ ಪದದಿಂದ. ಹಾಗೆಂದರೆ ಭೂಮಿ, ನೆಲ. ನೆಲದೊಳಗಿನ ಬಿಲಕ್ಕೆ ನುಗ್ಗಿ ಕೆಲಸ ಮಾಡುವ ನಾಯಿ ಎಂದು ಅರ್ಥ. ಜಾಕ್ ರಸೆಲ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಜಾನ್ ರಸೆಲ್ 1795ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟ್‌ಮತ್‌ನಲ್ಲಿ ಹುಟ್ಟಿದರು. ಮುಂದೆ ಅದೇ ಪ್ರಾಂತದ ಸ್ವಿಂಬ್ರಿಡ್ಜ್ ಎಂಬ ಹಳ್ಳಿಯಲ್ಲಿ ಹಲವು ದಶಕ ಪಾದ್ರಿಯಾಗಿದ್ದರು. ನರಿ ಬೇಟೆ ಎಂದರೆ ಅವರಿಗೆ ಪ್ರಾಣ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಬಳಿ ಬಿಳಿಯ ಹೆಣ್ಣು ಟೆರಿಯರ್ ಒಂದನ್ನು ಕಂಡು ಅಲ್ಲೇ ಕೊಂಡುಕೊಂಡರು. ಕಣ್ಣು, ಕಿವಿಗಳ ಮೇಲೆ ಮಾತ್ರ ಕಂದು ಬಣ್ಣ, ಬಾಲದ ಬುಡದಲ್ಲಿ ಒಂದು ಚುಕ್ಕೆ. ಹೆಸರು ಟ್ರಂಪ್. ನಗಬೇಡಿ, ಇದು ಇನ್ನೂರು ವರ್ಷಕ್ಕೂ ಹಿಂದಿನ ಮಾತು! ಈ ಟ್ರಂಪ್‌ನಿಂದಲೇ ರಸೆಲ್ ಅವರ ನಾಯಿಗಳ ಸಂತತಿ ಆರಂಭವಾಯಿತು. ಪಾದ್ರಿಗಳು 1883ರಲ್ಲಿ ತೀರಿಕೊಂಡರು. ಅವರ ಹೆಸರು ನಾಯಿಗಳಿಗೆ ಉಳಿಯಿತು.

ಈ ನಾಯಿಯ ಕಸುಬು ಏನಿತ್ತು ನೋಡಿ. ದೊಡ್ಡ ಬೇಟೆನಾಯಿಗಳ ಹಿಂಡು ನರಿಯನ್ನು ಅಟ್ಟಿಕೊಂಡು ಹೋಗುತ್ತಿತ್ತು. ಹಿಂದೆ ಕುದುರೆ ಸವಾರರು. ನರಿ ತಪ್ಪಿಸಿಕೊಂಡು ಬಿಲ ಸೇರಿತೆಂದರೆ ದೊಡ್ಡ ನಾಯಿಗಳ ಆಟ ಮುಗಿಯಿತು. ಆಗ ಪುಟ್ಟ ಟೆರಿಯರನ್ನು ಬಿಲದೊಳಕ್ಕೆ ಬಿಡುತ್ತಿದ್ದರು. ಅದು ನರಿಯನ್ನು ಕೊಲ್ಲಬೇಕಾಗಿರಲಿಲ್ಲ. ಎದುರು ನಿಂತು ಬೊಗಳಿ ಬೊಗಳಿ ಹೊರಕ್ಕೆ ಎಬ್ಬಿಸಬೇಕಾಗಿತ್ತು. ನರಿ ಕದಲದಿದ್ದರೆ ಮೇಲಿದ್ದವರು ಬೊಗಳುವ ಸದ್ದಿನ ಜಾಡು ಹಿಡಿದು ಅಲ್ಲಿಗೆ ನೆಲ ಅಗೆಯುತ್ತಿದ್ದರು.

ಈಗ ಆ ನಾಯಿಯ ಮೈಯನ್ನೂ ಗುಣವನ್ನೂ ಒಂದೊಂದಾಗಿ ನೋಡಿದರೆ ಎಲ್ಲಕ್ಕೂ ಅರ್ಥ ಸಿಗುತ್ತದೆ. ಎತ್ತರ 25ರಿಂದ 30 ಸೆಂಟಿಮೀಟರ್, ತೂಕ ಐದಾರು ಕಿಲೋ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರ್. ಎರಡು ಕೈಗಳಿಂದ ಬಳಸಿ ಹಿಡಿದರೆ ಬೆರಳುಗಳು ಒಂದಕ್ಕೊಂದು ತಾಗಬೇಕು. ಎದೆ ಅದಕ್ಕಿಂತ ದೊಡ್ಡದಾದರೆ ನರಿ ನುಗ್ಗಿದ ಬಿಲದಲ್ಲಿ ನಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ಮೈ ಬಿಳಿ ಏಕೆ? ನರಿಯ ಕೆಂಗಂದು ಬಣ್ಣದೊಂದಿಗೆ ಗೊಂದಲವಾಗದಿರಲಿ ಎಂದು. ಬೊಗಳುವುದೇಕೆ? ನೆಲದಡಿಯಿಂದ 'ನಾನಿಲ್ಲಿದ್ದೇನೆ' ಎಂದು ತಿಳಿಸಲು. ಕೆರೆಯುವುದೇಕೆ? ಬಿಲದ ದಾರಿ ಬಿಡಿಸಿಕೊಳ್ಳಲು. ಹೇಳಿದ ಮಾತು ಕೇಳದಿರುವುದೇಕೆ? ಕತ್ತಲ ಬಿಲದೊಳಗೆ ಅಪ್ಪಣೆ ಕೊಡಲು ಯಜಮಾನ ಇರುವುದಿಲ್ಲ. ಮುಂದೇನು ಮಾಡಬೇಕೆಂದು ನಾಯಿ ತಾನೇ ತೀರ್ಮಾನಿಸಬೇಕು. ತಾನೇ ತೀರ್ಮಾನಿಸುವ ನಾಯಿಗಳನ್ನೇ ಆರಿಸಿ, ಅವುಗಳ ಮರಿಗಳನ್ನೇ ಬೆಳೆಸುತ್ತ ಹೋದರು. ತಲೆಮಾರುಗಳ ಕಾಲ ನಡೆದ ಈ ಆಯ್ಕೆಯನ್ನು ಕೃತಕ ಆಯ್ಕೆ ಎನ್ನುತ್ತೇವೆ.

ನಮ್ಮ ಮೈಕಿನ ಹೊದಿಕೆಯ ಕಥೆಗೂ ಇಲ್ಲೇ ಉತ್ತರವಿದೆ. ಮಾಂಸಾಹಾರಿ ಪ್ರಾಣಿಯ ಬೇಟೆ ಎಂಬುದು ಒಂದರ ಹಿಂದೊಂದು ಬರುವ ಕ್ರಿಯೆಗಳ ಸರಪಳಿ: ಗುರುತಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು. ಕುರಿ ಕಾಯುವ ನಾಯಿಯಲ್ಲಿ ಹೊಂಚುವ ಮತ್ತು ಅಟ್ಟುವ ಕೊಂಡಿಗಳನ್ನು ಬಲಪಡಿಸಿ ಕಚ್ಚುವ ಕೊಂಡಿಯನ್ನು ದುರ್ಬಲಗೊಳಿಸಿದ್ದಾರೆ. ಟೆರಿಯರಿನಲ್ಲಿ ಕಚ್ಚಿ ಒದರುವ ಕೊಂಡಿ ಗಟ್ಟಿಯಾಗಿ ಉಳಿದಿದೆ. ಇಲಿಯ ಬೆನ್ನೆಲುಬು ಮುರಿಯುವುದು ಆ ಒದರಾಟದಿಂದಲೇ. ತುಪ್ಪಳವಿರುವ, ಅಲುಗಾಡುವ ಸಣ್ಣ ವಸ್ತು ಕಂಡರೆ ಸಾಕು, ಸರಪಳಿ ಚಾಲೂ ಆಗುತ್ತದೆ. ಅಳಿಲು, ಮೊಲ, ಬೆಕ್ಕಿನ ಮರಿ ಇರುವ ಮನೆಯವರು ಇದನ್ನು ಮರೆಯಬಾರದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡುವುದನ್ನು 2004ರ ಕಾನೂನು ನಿಷೇಧಿಸಿತು. ಅದು 2005ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಬಿಗಿಯಾದ ಷರತ್ತುಗಳ ಕೆಲವು ವಿನಾಯಿತಿ ಬಿಟ್ಟರೆ ಹಳೆಯ ಕಸುಬು ಹೋಯಿತು. ನರಿಗೆ ಅದು ಒಳ್ಳೆಯದೇ ಆಯಿತು. ಆದರೆ ಕಸುಬು ಹೋದರೂ ಕಸುಬಿನ ಹಂಬಲ ನಾಯಿಯ ಮೈಯಲ್ಲಿ ಉಳಿದಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ! ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಹೋದರೆ ಆ ನಾಯಿಗೆ ಸಿಗುವ ಬಿಲ ಸೋಫಾ. ಸಿಗುವ ನರಿ ಮೆಟ್ಟಿಲಲ್ಲಿ ಕೇಳಿಸುವ ಹೆಜ್ಜೆ ಸಪ್ಪಳ.

ಚಿತ್ರಗಳು ಇದನ್ನು ಮರೆಮಾಡುವುದು ಹೊಸತೇನಲ್ಲ. ನಿಮ್ಮ ಅಜ್ಜನ ಮನೆಯಲ್ಲಿ ಹಳೆಯ ಎಚ್.ಎಂ.ವಿ. ಗ್ರಾಮಫೋನ್ ತಟ್ಟೆಗಳಿದ್ದರೆ ತೆಗೆದು ನೋಡಿ. ತುತ್ತೂರಿಯ ಮುಂದೆ ತಲೆ ವಾಲಿಸಿ ಕೂತ ನಾಯಿ ಇದೆಯಲ್ಲ, ಅದರ ಹೆಸರು ನಿಪ್ಪರ್. 1884ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಟೆರಿಯರ್ ಜಾತಿಯ ನಾಯಿ ಅದು. ಜಾಕ್ ರಸೆಲ್ ಎಂದೇ ಹೇಳುವವರು ಹಲವರು. ಫ್ರಾನ್ಸಿಸ್ ಬರೋ ಎಂಬ ಕಲಾವಿದರು ಬರೆದ ಆ ಚಿತ್ರದಲ್ಲಿ ಅದು ಪರಮ ಸಾಧು. ಆದರೆ ನಿಪ್ಪರ್ ಎಂಬ ಹೆಸರು ಬಂದದ್ದು ಮನೆಗೆ ಬಂದವರ ಕಾಲನ್ನು ಚುಟುಕ್ಕನೆ ಕಚ್ಚುತ್ತಿತ್ತೆಂದು!

ಅಮೆರಿಕದಲ್ಲಿ 1993ರಿಂದ 2004ರವರೆಗೆ ಪ್ರಸಾರವಾದ 'ಫ್ರೇಸಿಯರ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ಎಡ್ಡಿ ಎಂಬ ಪಾತ್ರವನ್ನು ಮೊದಲು ಮಾಡಿದ್ದು ಮೂಸ್ ಎಂಬ ಜಾಕ್ ರಸೆಲ್. ಅಗೆತ, ಬೊಗಳಾಟ ತಾಳಲಾರದೆ ಮೊದಲ ಮನೆಯವರು ಅದನ್ನು ಬಿಟ್ಟುಕೊಟ್ಟಿದ್ದರು. 2011ರ 'ದಿ ಆರ್ಟಿಸ್ಟ್' ಚಲನಚಿತ್ರದ ಅಗ್ಗಿಯ ಕಥೆಯೂ ಅಂಥದ್ದೇ, ಅದೂ ಮೊದಲ ಮನೆಗೆ ಬೇಡವಾಗಿದ್ದ ನಾಯಿ. ಪಳಗಿಸುವವರ ಕೈಗೆ ಸಿಕ್ಕ ಮೇಲೆ ಇಬ್ಬರೂ ಹೆಸರಾದರು. ಬದಲಾದದ್ದು ನಾಯಿಯಲ್ಲ, ಅದಕ್ಕೆ ದೊರೆತ ಕೆಲಸ.

ನಾನು ಆ ತಾಯಿಗೂ ಪಶುವೈದ್ಯರನ್ನು ಕೇಳಿ ಇದನ್ನೇ ಹೇಳಿದೆ. ಹುಡುಗ ಆಗ ಒಂಬತ್ತನೆಯ ತರಗತಿ. ಬೆಳಿಗ್ಗೆ ಐದೂವರೆಗೆ ಎದ್ದು ನಾಯಿಯನ್ನು ನಡೆಸತೊಡಗಿದ. ಸಂಜೆ ಇನ್ನೊಂದು ಸುತ್ತು. ಎರಡೂ ಸೇರಿ ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲ. ತಾರಸಿಯ ಮೇಲೆ ಹಳೆಯ ಟಬ್ಬಿಗೆ ಮರಳು ತುಂಬಿ ಅದರಲ್ಲಿ ಆಟಿಕೆ ಹೂತಿಟ್ಟ. ಅಗೆಯುವ ಆಸೆ ಅಲ್ಲಿ ತೀರಿತು. ತಟ್ಟೆಗೆ ಆಹಾರ ಸುರಿಯುವುದನ್ನು ಬಿಟ್ಟು ಹಳೆಯ ಟವಲಿನಲ್ಲಿ ಸುತ್ತಿ ಮನೆಯ ಮೂಲೆಯಲ್ಲಿ ಅಡಗಿಸಿಟ್ಟ. ಮೂಗಿನಿಂದ ಹುಡುಕುವ ಕೆಲಸ ನಾಯಿಯನ್ನು ಚೆನ್ನಾಗಿ ದಣಿಸುತ್ತದೆ. ತಪ್ಪು ಮಾಡಿದಾಗ ಹೊಡೆಯದೆ, ಸರಿ ಮಾಡಿದಾಗ ತಕ್ಷಣ ಒಂದು ತುಣುಕು ತಿಂಡಿ ಕೊಟ್ಟ. ಹಗಲು ಹೊತ್ತು ಕೆಳಗಿನ ಮನೆಯ ಅಜ್ಜಿ ಬಾಗಿಲು ತೆಗೆದು ಮಾತಾಡಿಸಿ ಹೋಗಲು ಒಪ್ಪಿದರು. ಮೂರು ತಿಂಗಳಿಗೆ ಬಾಗಿಲ ಚೌಕಟ್ಟು ಉಳಿಯಿತು, ನಾಯಿಯೂ ಮನೆಯಲ್ಲೇ ಉಳಿಯಿತು. ಕುಕ್ಕರ್ ಕೂಗಿದರೆ ಮಾತ್ರ ಈಗಲೂ ಬೊಗಳುತ್ತದಂತೆ.

ಆರೋಗ್ಯದ ಬಗ್ಗೆ ನಾಲ್ಕು ಮಾತು. ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ನಮ್ಮ ದೇಶದ 2017ರ ನಿಯಮಗಳ ಪ್ರಕಾರ ಅಂಥ ಮರಿಯನ್ನು ಮಾರುವಂತೆಯೂ ಇಲ್ಲ. ರೇಬೀಸ್ ಸೇರಿದಂತೆ ಎಲ್ಲ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಬೇಕು. ಈ ನಾಯಿ ಹೆಗ್ಗಣದ ಹಿಂದೆ ಬೀಳುವುದರಿಂದ ಇಲಿಜ್ವರದ ಲಸಿಕೆಯನ್ನು ಮರೆಯುವಂತಿಲ್ಲ. ಆ ರೋಗ ಮನುಷ್ಯರಿಗೂ ಅಂಟುತ್ತದೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ಮುಖ್ಯವಾಗಿ ತೇಕುವುದರಿಂದ ಮೈ ತಂಪು ಮಾಡಿಕೊಳ್ಳುತ್ತದೆ. ಆದ್ದರಿಂದ ಬಿಸಿಲಲ್ಲಿ ಓಡಿಸಬೇಡಿ. ರಸ್ತೆಯ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆ ನೆಲ ಸುಡುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಈ ತಳಿಯಲ್ಲಿ ಕಣ್ಣಿನ ಮಸೂರ ಜಾರುವ ಆನುವಂಶಿಕ ರೋಗವೊಂದಿದೆ. ಅದರ ಜೀನ್ ದೋಷ 2010ರಲ್ಲಿ ಪತ್ತೆಯಾಯಿತು, ಪರೀಕ್ಷೆಯೂ ಇದೆ. ಮರಿ ತರುವ ಮುನ್ನ ತಂದೆತಾಯಿ ನಾಯಿಗಳ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಕೊನೆಯದಾಗಿ ಒಂದು ಲೆಕ್ಕ. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನ ತಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ತಳಿಗಳ ಪೈಕಿ ಜಾಕ್ ರಸೆಲ್‌ನ ನಿರೀಕ್ಷಿತ ಆಯುಸ್ಸೇ ಎಲ್ಲಕ್ಕಿಂತ ಹೆಚ್ಚು, 12.7 ವರ್ಷ. ನಿಮಗೀಗ ಹದಿನೈದು ಎಂದುಕೊಳ್ಳಿ. ನಾಯಿ ಮುದಿಯಾಗುವ ಹೊತ್ತಿಗೆ ನಿಮಗೆ ಇಪ್ಪತ್ತೇಳು ದಾಟಿರುತ್ತದೆ. ನಡುವೆ ಪಿಯುಸಿ, ಹಾಸ್ಟೆಲ್, ಉದ್ಯೋಗ, ಬೇರೆ ಊರು ಎಲ್ಲ ಬರುತ್ತವೆ. ಬೆಳಿಗ್ಗೆ ಐದೂವರೆಯ ನಡಿಗೆ ಆಗ ಯಾರ ಪಾಲಿಗೆ? ಈ ಪ್ರಶ್ನೆಯನ್ನು ಅಪ್ಪ ಅಮ್ಮನ ಮುಂದೆ ಇಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಉತ್ತರ 'ಆಗದು' ಎಂದಾದರೆ ಬೇಸರ ಬೇಡ. ಸಮಯ ಕಡಿಮೆಯಿದ್ದರೆ ಈ ತಳಿಯ ನಾಯಿ ನಿಮ್ಮ ಮನೆಗೆ ತಕ್ಕದ್ದಲ್ಲ, ಅಷ್ಟೇ. ನೆರೆಮನೆಯ ನಾಯಿಯನ್ನು ಸಂಜೆ ನಡೆಸಿಕೊಂಡು ಬನ್ನಿ. ಒಂದು ತಿಂಗಳು ಬಿಡದೆ ಮಾಡಿದಿರೋ, ನಿಮ್ಮ ಬಗ್ಗೆ ನಿಮಗೇ ಗೊತ್ತಾಗುತ್ತದೆ. ಉತ್ತರ 'ಆಗುತ್ತದೆ' ಎಂದಾದರೆ, ಮರಿಗಿಂತ ಮೊದಲು ಒಂದು ಟಬ್ಬು, ಒಂದಿಷ್ಟು ಮರಳು ತಂದಿಡಿ.

ಅಂದು ನಾವು ಚಿತ್ರೀಕರಿಸಿದ ಮೈಕಿನ ದೃಶ್ಯದ ತುಣುಕನ್ನು ನಾನು ಅಳಿಸಿಲ್ಲ. ಮುಂದೆ ಸಾಕುನಾಯಿಗಳ ಕಾರ್ಯಕ್ರಮ ಮಾಡುವಾಗ ಅದನ್ನೇ ಮೊದಲು ತೋರಿಸಬೇಕೆಂದಿದ್ದೇನೆ.