ಹೆದರಿಸುವ ಚಿತ್ರಗಳ ಮೇಷ್ಟ್ರು



ಅಕ್ಟೋಬರ್ 31 ಅಮೆರಿಕದಲ್ಲಿ ಹ್ಯಾಲೋವೀನ್. ಮಕ್ಕಳು ದೆವ್ವದ್ದೋ ಮಾಟಗಾತಿಯದ್ದೋ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ದೊಡ್ಡವರು ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ದೀಪ ಇಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಇದು ಹೊಸದಲ್ಲ. ಈಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ವೇಷ ಅಂದಮೇಲೆ ಫೋಟೋ ಬೇಕಲ್ಲ? ಆಗ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಮೊಬೈಲಿನ ಟಾರ್ಚನ್ನು ಗದ್ದದ ಕೆಳಗೆ ಹಿಡಿದು ಕಣ್ಣರಳಿಸುವುದು.

ಉಪಾಯವೇನೋ ಸರಿಯೇ. ಸೂರ್ಯ ಇರುವುದು ನೆತ್ತಿಯ ಮೇಲೆ. ಹಣೆ, ಮೂಗಿನ ಮೇಲೆ ಬೆಳಕು, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳು. ಮುಖ ಅಂದರೆ ಹೀಗೆ ಅಂತ ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ದೀಪವನ್ನು ಕೆಳಗಿಂದ ಬಿಟ್ಟರೆ ಈ ನೆರಳೆಲ್ಲ ತಲೆಕೆಳಗಾಗುತ್ತದೆ. ಹುಬ್ಬಿನ ಮೇಲೆ ಕತ್ತಲೆ ಏರುತ್ತದೆ, ಪಕ್ಕದ ಮನೆಯವರ ಮುಖವೂ ಗುರುತು ಸಿಗುವುದಿಲ್ಲ. ಆದರೆ ಹೆದರಿಸುವ ಭಾವಚಿತ್ರದ ಕಥೆ ಈ ಟಾರ್ಚಿಗೇ ಮುಗಿದುಹೋಗುವಷ್ಟು ಸಣ್ಣದಲ್ಲ. ಅದರಲ್ಲಿ ಒಬ್ಬ ಮೇಷ್ಟ್ರಿದ್ದ. ನನಗೆ ಬಹಳ ಪ್ರಿಯನಾದವನು. ಚರಿತ್ರೆ ಬರೆದವರು ಅವನನ್ನು ಹೊರಗಿಟ್ಟರು ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಅವನ ಹಿಂದಿನವರನ್ನು ಬೇಗ ಮುಗಿಸಿಬಿಡುತ್ತೇನೆ. 1860ರ ದಶಕದಲ್ಲಿ ಬಾಸ್ಟನ್ನಿನ ವಿಲಿಯಂ ಮಮ್ಲರ್ ಅನ್ನುವವನು, ಕುರ್ಚಿಯಲ್ಲಿ ಕೂತವರ ಹಿಂದೆ ಅವರ ಸತ್ತ ಬಂಧುಗಳ ಆಕೃತಿ ಮೂಡುವ ಫೋಟೋ ತೆಗೆದುಕೊಡುತ್ತಿದ್ದ. ಇದು ಮೋಸ ಅಂತ 1869ರಲ್ಲಿ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಆಯಿತು, ಸಾಕ್ಷ್ಯ ಸಾಲದೆ ಬಿಡುಗಡೆಯೂ ಆಯಿತು. ಆಮೇಲೆ ಅಬ್ರಹಾಂ ಲಿಂಕನ್ನರ ವಿಧವೆ ಮೇರಿ ಲಿಂಕನ್ ಕೂಡ ಇವನ ಮುಂದೆ ಕೂತರು. ಬಂದ ಚಿತ್ರದಲ್ಲಿ ಅವರ ಹೆಗಲ ಮೇಲೆ ಗಂಡನ ಮಸುಕು ಕೈಗಳಿದ್ದವು.

ಮುಂದಿನದು ಹಾಲಿವುಡ್. ಮೂಕಿಚಿತ್ರಗಳ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ತುಟಿಯ ಕೆಂಪೆಲ್ಲ ಕಪ್ಪು, ನೀಲಿ ಕಣ್ಣೆಲ್ಲ ಬಿಳಿಚು. ಯಾರೂ ಪ್ರಯತ್ನಪಡದೆಯೇ ಅರ್ಧ ದೆವ್ವ ಸಿದ್ಧ! 1925ರ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಚಿತ್ರದಲ್ಲಿ ಲಾನ್ ಚಾನಿ ತಾನೇ ಮಾಡಿಕೊಂಡ ತಲೆಬುರುಡೆಯಂಥ ಮುಖವನ್ನು ಸ್ಟುಡಿಯೋ ಬಿಡುಗಡೆಯ ತನಕ ಗುಟ್ಟಾಗಿಟ್ಟಿತ್ತು. 1931ರ ‘ಡ್ರಾಕುಲಾ’ದಲ್ಲಿ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಬೇಲಾ ಲುಗೋಸಿಯ ಕಣ್ಣುಗಳ ಮೇಲೆ ಮಾತ್ರ ಸಣ್ಣ ಬೆಳಕಿನ ಎಳೆ ಬಿಟ್ಟ. ಇನ್ನೊಂದು ಕಡೆ, ಅಕ್ಟೋಬರ್ ಬಂತೆಂದರೆ ಕ್ಲಾರಾ ಬೋ ಅಂಥ ತಾರೆಯರನ್ನು ಚೂಪು ಟೋಪಿ, ಪೊರಕೆ, ಕುಂಬಳಕಾಯಿಗಳ ಜೊತೆ ನಿಲ್ಲಿಸಿ ತೆಗೆದ ಪ್ರಚಾರದ ಫೋಟೋಗಳು ಪತ್ರಿಕೆಗಳಿಗೆ ಹೋಗುತ್ತಿದ್ದವು. ಅವು ಮುದ್ದಾಗಿವೆ. ಹೆದರಿಸುವುದಿಲ್ಲ.

ಈಗ ನಮ್ಮ ಮೇಷ್ಟ್ರು, ವಿಲಿಯಂ ಮಾರ್ಟೆನ್ಸನ್. ಹುಟ್ಟಿದ್ದು 1897ರಲ್ಲಿ, ಯೂಟಾದ ಪಾರ್ಕ್ ಸಿಟಿಯಲ್ಲಿ. ನ್ಯೂಯಾರ್ಕಿನಲ್ಲಿ ಚಿತ್ರಕಲೆ ಓದಿ, ಊರಿಗೆ ಬಂದು ಶಾಲೆಯಲ್ಲಿ ಪಾಠ ಹೇಳಿ, 1921ರ ಸುಮಾರಿಗೆ ಹಾಲಿವುಡ್ಡಿಗೆ ಹೊರಟ. ಹೊರಟಾಗ ಪರಿಚಯದ ಮನೆಯ ಹದಿನಾಲ್ಕರ ಹುಡುಗಿಯೊಬ್ಬಳನ್ನು ಅವಳ ತಾಯಿ ಇವನ ಜೊತೆ ಮಾಡಿ ಕಳಿಸಿದರು. ಆ ಹುಡುಗಿ ಫೇ ರೇ. 1933ರಲ್ಲಿ ಕಿಂಗ್ ಕಾಂಗ್‌ನ ಮುಷ್ಟಿಯಲ್ಲಿ ಕೂತು ಚೀರಿದವಳು ಅವಳೇ. ಹೆದರಿಕೆಯ ಚಿತ್ರಗಳ ಇಬ್ಬರು ದೊಡ್ಡವರು ಒಂದೇ ಪ್ರಯಾಣದಲ್ಲಿ ಜೊತೆಯಾಗಿದ್ದರು ಅನ್ನುವುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ.

ಹಾಲಿವುಡ್ಡಿನಲ್ಲಿ ಆತ ಮುಖವಾಡ ಮಾಡಿದ, ಸೆಸಿಲ್ ಬಿ. ಡಿಮಿಲ್‌ರ ‘ದಿ ಕಿಂಗ್ ಆಫ್ ಕಿಂಗ್ಸ್’ ಚಿತ್ರೀಕರಣದಲ್ಲಿ ಸ್ಟಿಲ್ ಫೋಟೋ ತೆಗೆದ. ಅದೇ ದಿನಗಳಲ್ಲಿ ಮಾಟಮಂತ್ರವನ್ನು ಕುರಿತು ಒಂದು ಚಿತ್ರಸರಣಿಗೂ ಕೈಹಾಕಿದ. ಪೊರಕೆಯೇರಿದ ಮಾಟಗಾತಿಯರು, ಹಾರುವ ಮೊದಲು ಮೈಗೆ ಲೇಪ ಹಚ್ಚಿಸಿಕೊಳ್ಳುವ ಹುಡುಗಿ, ಹಚ್ಚುವ ಮುದುಕಿ. ಫಿಲ್ಮಿನಲ್ಲಿ ಬಂದದ್ದನ್ನು ಹಾಗೇ ಬಿಡುವವನಲ್ಲ. ಪ್ರಿಂಟಿನ ಮೇಲೆ ಕಪ್ಪು ಪುಡಿ ತೀಡಿ, ಬ್ಲೇಡಿನಿಂದ ಕೆರೆದು, ಕೊನೆಗೆ ಅದು ಫೋಟೋವೋ ಹಳೆಯ ಕಾಲದ ಅಚ್ಚಿನ ಚಿತ್ರವೋ ಹೇಳಲಾಗದ ಹಾಗೆ ಮಾಡುತ್ತಿದ್ದ. 1930ರ ದಶಕದ ಮೊದಲಲ್ಲಿ ಲಗೂನಾ ಬೀಚಿಗೆ ಹೋಗಿ ಫೋಟೋಗ್ರಫಿ ಶಾಲೆ ತೆರೆದ. ಅವನಿಗೆ ಮಾಡೆಲ್ ಆಗಿದ್ದ ಜಾರ್ಜ್ ಡನ್‌ಹ್ಯಾಮ್ ಅವನ ಪುಸ್ತಕಗಳ ಬರವಣಿಗೆಗೂ ಕೈಜೋಡಿಸಿದ.

ಅವನ ದೀಪದ ಪಾಠ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಇಂಥ ಭಯಂಕರ ಚಿತ್ರ ತೆಗೆದವನು ಕಗ್ಗತ್ತಲಲ್ಲಿ ಕೆಳಗಿಂದ ದೀಪ ಬಿಡುತ್ತಿದ್ದ ಅಂದುಕೊಂಡಿರಾ? ಇಲ್ಲ. ಅವನು ಕಲಿಸಿದ ಮೂಲ ಬೆಳಕಿಗೆ ಎರಡೇ ದೀಪ. ಒಂದು ಕ್ಯಾಮೆರಾದ ಪಕ್ಕದಲ್ಲೇ, ತುಸು ಮೇಲೆ, ನೇರವಾಗಿ ಮುಖಕ್ಕೆ. ಇನ್ನೊಂದು ಹಿಂದಿನ ಗೋಡೆಗೆ. ಮುಖದ ಮೇಲೆ ನೆರಳೇ ಬೀಳುವುದಿಲ್ಲ. ಕೆನ್ನೆ, ಭುಜ, ತೋಳು ಹೊರಳಿಕೊಳ್ಳುವ ಅಂಚಿನಲ್ಲಿ ಮಾತ್ರ ಬೆಳಕು ತೆಳುವಾಗುತ್ತ ಹೋಗಿ, ಬೆಳ್ಳಗಿನ ಗೋಡೆಯ ಎದುರು ಆ ಅಂಚು ಪೆನ್ಸಿಲಿನಲ್ಲಿ ಎಳೆದ ಗೆರೆಯಂತೆ ಕಪ್ಪಾಗುತ್ತದೆ. ಇಡೀ ದೇಹ ಒಂದು ಸ್ಪಷ್ಟ ಆಕಾರವಾಗಿ ಎದ್ದುಬರುತ್ತದೆ. ಬೇರೆ ಬಗೆಯ ಬೆಳಕನ್ನೂ ಆತ ಕಲಿಸಿದ, 1935ರ ‘ಪಿಕ್ಟೋರಿಯಲ್ ಲೈಟಿಂಗ್’ ಪುಸ್ತಕದಲ್ಲಿ ಎಲ್ಲ ಇವೆ. ಆದರೆ ಅವನ ಲೆಕ್ಕದಲ್ಲಿ ಹೆದರಿಕೆ ಹುಟ್ಟಬೇಕಾದದ್ದು ಆಕಾರದಿಂದ.

ಆಕಾರದಿಂದ ಹೇಗೆ? 1937ರ ‘ದಿ ಕಮಾಂಡ್ ಟು ಲುಕ್’ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟ. ಮನುಷ್ಯ ಕಾಡಿನಲ್ಲಿದ್ದಾಗಿನ ಭಯಗಳು ಇನ್ನೂ ನಮ್ಮ ಕಣ್ಣಲ್ಲೇ ಇವೆಯಂತೆ. ಮಿಂಚಿನಂತೆ ಓರೆಯಾಗಿ ನುಗ್ಗುವುದು, ಹಾವಿನಂತೆ ಬಳುಕುತ್ತ ಬರುವುದು, ಹಲ್ಲು ಕತ್ತಿಗಳಂತೆ ಚೂಪಾಗಿರುವುದು, ದಾರಿಗೆ ಅಡ್ಡಲಾಗಿ ಗುಡ್ಡದಂತೆ ನಿಂತಿರುವುದು. ಈ ನಾಲ್ಕರಲ್ಲಿ ಯಾವುದನ್ನು ಕಂಡರೂ, ಅದೇನು ಅಂತ ಬುದ್ಧಿಗೆ ತಿಳಿಯುವ ಮೊದಲೇ ಕಣ್ಣು ಬೆಚ್ಚಿ ಅತ್ತ ತಿರುಗುತ್ತದೆ. ಇದನ್ನು ಮನೋವಿಜ್ಞಾನಿಗಳು ಒಪ್ಪುತ್ತಾರೋ ಬಿಡುತ್ತಾರೋ, ಚಿತ್ರದಲ್ಲಿ ನೋಡಿದರೆ ಮಾತ್ರ ಇದು ನಿಜ ಅಂತ ನಾನು ಆಣೆಯಿಟ್ಟು ಹೇಳಬಲ್ಲೆ.

ನಿಮ್ಮ ಮನೆಯ ಮಾಟಗಾತಿಯ ಮೇಲೇ ಪ್ರಯೋಗಿಸಿ ನೋಡಿ. ಅವಳು ನೆಟ್ಟಗೆ ನಿಂತು ಪೊರಕೆಯನ್ನೂ ನೆಟ್ಟಗೆ ಹಿಡಿದರೆ ಗುಡಿಸಲು ಬಂದವಳಂತೆ ಕಾಣುತ್ತಾಳೆ. ಪೊರಕೆಯನ್ನು ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿಸಿ, ಮೈಯನ್ನೂ ಅದೇ ಓರೆಗೆ ಬಾಗಿಸಿ. ಮೊಣಕೈ ಮೈಗೆ ಅಂಟದೆ ಹೊರಗೆ ಚೂಪಾಗಿರಲಿ, ಟೋಪಿಯ ತುದಿಯ ಜೊತೆ ಅದೂ ಒಂದು ತ್ರಿಕೋನವಾಗುತ್ತದೆ. ಬೆರಳುಗಳ ನಡುವೆ ಬೆಳಕು ತೂರಲಿ; ಒಟ್ಟಾಗಿಟ್ಟ ಬೆರಳು ಉಂಡೆಯಾಗಿ ಕಾಣುತ್ತದೆ, ಬಿಡಿಸಿದರೆ ಉಗುರಾಗುತ್ತದೆ. ರಕ್ತಪಿಶಾಚಿಯ ವೇಷವಾದರೆ ಕರಿಯ ನಿಲುವಂಗಿಯನ್ನು ಎರಡೂ ಕಡೆ ಹರಡಿ ಚೌಕಟ್ಟನ್ನೇ ತುಂಬಿಸಿ. ‘ಭಯಪಡು’, ‘ಕೋಪ ಮಾಡಿಕೋ’ ಅಂತ ಮಾಡೆಲ್‌ಗೆ ಹೇಳುತ್ತ ಕೂರುವುದರಲ್ಲಿ ಮಾರ್ಟೆನ್ಸನ್‌ಗೆ ನಂಬಿಕೆ ಇರಲಿಲ್ಲ. ಕಾಲು, ಸೊಂಟ, ಭುಜ, ಕೈ, ಕತ್ತು, ಇವನ್ನು ಒಂದೊಂದಾಗಿ ಸರಿಪಡಿಸು, ಭಾವ ತಾನಾಗಿ ಕಾಣುತ್ತದೆ ಅನ್ನುತ್ತಿದ್ದ. ಅದಕ್ಕೆಂದೇ ‘ದಿ ಮಾಡೆಲ್’ ಅಂತ ಒಂದು ಪುಸ್ತಕವನ್ನೇ ಬರೆದ.

ಇಷ್ಟು ಬಲ್ಲವನನ್ನು ಮರೆತದ್ದು ಹೇಗೆ? 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದ ಛಾಯಾಗ್ರಾಹಕರು ‘ಎಫ್/64’ ಅಂತ ಗುಂಪು ಕಟ್ಟಿದರು. ಕ್ಯಾಮೆರಾ ಕಂಡದ್ದನ್ನು ಸ್ಪಷ್ಟವಾಗಿ, ಕೈಯಾಡಿಸದೆ ತೋರಿಸಬೇಕು ಅನ್ನುವುದು ಅವರ ವ್ರತ. ಬ್ಲೇಡು ಹಿಡಿದು ಪ್ರಿಂಟು ಕೆರೆಯುವವನನ್ನು ಅವರು ಸಹಿಸಿಯಾರೇ? ‘ಕ್ಯಾಮೆರಾ ಕ್ರಾಫ್ಟ್’ ಪತ್ರಿಕೆಯಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಆಡಮ್ಸ್ ಇವನನ್ನು ಕ್ರಿಸ್ತವಿರೋಧಿ ಅಂತಲೇ ಕರೆದರು. ಅವರ ಸ್ನೇಹಿತ ಬೋಮಾಂಟ್ ನ್ಯೂಹಾಲ್ ಬರೆದ ಛಾಯಾಗ್ರಹಣದ ಇತಿಹಾಸವೇ ಎಲ್ಲರ ಪಠ್ಯವಾಯಿತು, ಅದರಲ್ಲಿ ಮಾರ್ಟೆನ್ಸನ್‌ಗೆ ಜಾಗ ಸಿಗಲಿಲ್ಲ. ಆಡಮ್ಸ್ ತೆಗೆದ ಪರ್ವತಗಳಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಒಬ್ಬನ ಕಲೆ ಹಿಡಿಸದಿದ್ದರೆ ವಾದ ಮಾಡಬೇಕು, ಹೆಸರು ಅಳಿಸಬಾರದು. 1965ರಲ್ಲಿ ಮಾರ್ಟೆನ್ಸನ್ ತೀರಿಕೊಂಡಾಗ ಹೆಚ್ಚಿನವರಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ.

ವಿಮರ್ಶಕ ಎ. ಡಿ. ಕೋಲ್ಮನ್ ಪಟ್ಟುಹಿಡಿದು ಬರೆದದ್ದರಿಂದ ಹೆಸರು ಮತ್ತೆ ಕೇಳಿಬಂತು. 2014ರಲ್ಲಿ ‘ದಿ ಕಮಾಂಡ್ ಟು ಲುಕ್’ ಮರುಮುದ್ರಣವಾಯಿತು, ಜೊತೆಗೆ ‘ಅಮೆರಿಕನ್ ಗ್ರೊಟೆಸ್ಕ್’ ಅಂತ ಅವನ ಬದುಕು ಮತ್ತು ಚಿತ್ರಗಳ ದೊಡ್ಡ ಪುಸ್ತಕವೂ ಬಂತು. ಅವನ ಪ್ರಿಂಟುಗಳು, ಕಾಗದಪತ್ರಗಳು ಈಗ ಅರಿಜೋನಾದ ಟೂಸಾನ್‌ನಲ್ಲಿ, ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿಯಲ್ಲಿವೆ. 1975ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಆನ್ಸೆಲ್ ಆಡಮ್ಸ್ ಒಬ್ಬರು. ಇಬ್ಬರ ಚಿತ್ರಗಳನ್ನೂ ಇಂದು ಒಂದೇ ಸೂರಿನಡಿ ಕಾಪಾಡುತ್ತಿದ್ದಾರೆ.