ಸಮನ್ಸು ಬಂದ ಮೇಲೆ ಹಳೇ ಸಾಲದ ಲೆಕ್ಕ

(ತಾಲ್ಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಸಾಲ ವಸೂಲಿ ಎಂದರೆ ಊರಿಗೆ ಜೀಪು ಬರುತ್ತಿತ್ತು. ಪಾತ್ರೆ ಪಗಡ, ಮನೆ ಬಾಗಿಲು ಸಹ ಜಪ್ತಿಯಾಗುತ್ತಿದ್ದವು. 1980ರ ದಶಕದಲ್ಲಿ ಅದಕ್ಕೆ ಎದುರಾಗಿ, ಅಪ್ಪಣೆ ಇಲ್ಲದೆ ಅಧಿಕಾರಿಗಳು ಬರಕೂಡದು ಎಂದು ಊರ ಮುಂದೆ ರೈತರು ಬೋರ್ಡು ನೆಟ್ಟರು. ಈಗ ಕಿಸಾನ್ ಕ್ರೆಡಿಟ್ ಕಾರ್ಡಿನ ಹಳೇ ಬಾಕಿಗೆ ಬ್ಯಾಂಕಿನವರು ಸಿವಿಲ್ ಕೋರ್ಟಿನಲ್ಲಿ ದಾವಾ ಹಾಕುತ್ತಾರೆ. ಬರುವುದು ಜೀಪಲ್ಲ, ಕಾಗದ. ಕಾಗದಕ್ಕೆ ಬೋರ್ಡು ಅಡ್ಡ ಬರುವುದಿಲ್ಲ.

ಅಮೀನ ಬಂದ ಅಂತ ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗಿಬಿಡುವವರು ನಮ್ಮಲ್ಲಿ ಬಹಳ. ನೀವು ತಗೊಳ್ಳದಿದ್ದರೆ ಸಮನ್ಸನ್ನು ಬಾಗಿಲಿಗೆ ಅಂಟಿಸುತ್ತಾರೆ, ಮುಟ್ಟಿದ ಹಾಗೇ ಲೆಕ್ಕ. ಆಮೇಲೆ ಏಕಪಕ್ಷೀಯ ಡಿಕ್ರಿ. ಆ ಡಿಕ್ರಿಯನ್ನು 12 ವರ್ಷದವರೆಗೆ ಯಾವಾಗ ಬೇಕಾದರೂ ಜಾರಿಗೆ ತರಬಹುದು. ಆದ್ದರಿಂದ ಸಮನ್ಸು ತಗೊಳ್ಳಿ. ಮುಟ್ಟಿದ 30 ದಿನದೊಳಗೆ ಲಿಖಿತ ಜವಾಬು ಕೊಡಬೇಕು. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಬಿಡಬಹುದು. ಡಿಕ್ರಿ ಆಗಿಹೋಗಿದ್ದರೂ ರದ್ದು ಕೇಳಲು 30 ದಿನ ಇದೆ. ವಕೀಲರಿಗೆ ದುಡ್ಡಿಲ್ಲದ ಬಡವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಪುಕ್ಕಟೆ ವಕೀಲರನ್ನು ಕೊಡುತ್ತದೆ.

ಕೋರ್ಟಿಗೆ ಹೋಗಿ ಏನು ಕೇಳಬೇಕು? ಲೆಕ್ಕ ಕೇಳಬೇಕು. ಸಾಲ ತಗೊಂಡ ದಿನದಿಂದ ಇವತ್ತಿನವರೆಗಿನ ಪೂರ್ತಿ ಖಾತೆ ಪ್ರತಿ.

ಮೊದಲು ತಾರೀಖು ನೋಡಿ. ಜಮೀನು ಅಡಮಾನ ಇಲ್ಲದ ಸಾಲಕ್ಕೆ ದಾವಾ ಹಾಕಲು ವಾಯಿದೆ 3 ವರ್ಷ. ಅಡಮಾನದ ಜಮೀನಿನ ಮೇಲಾದರೆ 12 ವರ್ಷ. ಆದರೆ ಈ ವಾಯಿದೆಯನ್ನು ನಮ್ಮ ಕೈಯಿಂದಲೇ ಬೆಳೆಸಿಬಿಡುತ್ತಾರೆ. ಬಾಕಿ ಒಪ್ಪಿಗೆ ಪತ್ರ ಅಂತ ಒಂದು ಅಚ್ಚು ಹಾಕಿದ ಹಾಳೆ ತರುತ್ತಾರೆ, "ಸುಮ್ಮನೆ ಒಂದು ಸೈನು ಗೌಡ್ರೇ" ಅನ್ನುತ್ತಾರೆ. ವಾಯಿದೆ ಮುಗಿಯುವ ಮೊದಲು ಸೈನು ಹಾಕಿದರೆ ಅಂದಿನಿಂದ ಹೊಸ ವಾಯಿದೆ ಶುರು. ನೀವೇ ಚಲನ್ ಬರೆದು ಸಾವಿರ ರೂಪಾಯಿ ಕಟ್ಟಿದರೂ ಅಷ್ಟೇ. ವಾಯಿದೆ ಮುಗಿದ ಮೇಲೆ "ಕೊಡುತ್ತೇನೆ" ಎಂದು ಬರೆದು ಸೈನು ಹಾಕಿದರಂತೂ ಸತ್ತ ಸಾಲ ಎದ್ದು ಕೂರುತ್ತದೆ. ಹಾಳೆ ಓದಿಸಿಕೊಳ್ಳದೆ ಸೈನು ಬೇಡ.

ಆಮೇಲೆ ಬಡ್ಡಿ. 1994ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ವ್ಯವಸಾಯದ ಸಾಲಕ್ಕೆ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವಂತಿಲ್ಲ ಎಂದಿತು. ನಮ್ಮ ಬೆಳೆ ವರ್ಷಕ್ಕೊಮ್ಮೆ ಕೈಗೆ ಬರುವುದು ತಾನೆ? 5 ಎಕರೆಯೊಳಗಿನ ಸಣ್ಣ ರೈತರ ಬೆಳೆ ಸಾಲಕ್ಕೆ ರಿಸರ್ವ್ ಬ್ಯಾಂಕು ಇನ್ನೂ ಒಂದು ಮಾತು ಹೇಳಿದೆ: ಒಟ್ಟು ಬಡ್ಡಿ ಅಸಲನ್ನು ಮೀರಬಾರದು.

ಒಂದು ಲೆಕ್ಕ ಹಾಕೋಣ. ಅಸಲು 1 ಲಕ್ಷ, ಬಡ್ಡಿ ನೂರಕ್ಕೆ 12, ಹತ್ತು ವರ್ಷ ಕಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದರೆ ಸುಮಾರು 3,26,000 ರೂಪಾಯಿ. ವರ್ಷಕ್ಕೊಮ್ಮೆ ಹಾಕಿದರೆ ಸುಮಾರು 3,10,500. ಸರಳ ಬಡ್ಡಿಯಾದರೆ 2,20,000. ಸಣ್ಣ ರೈತನ ಮಿತಿಯ ಪ್ರಕಾರ 2,00,000. ಒಂದೇ ಸಾಲಕ್ಕೆ ನಾಲ್ಕು ಮೊತ್ತ! ಖಾತೆ ಪ್ರತಿ ಕೈಯಲ್ಲಿಲ್ಲದೆ "ಅರ್ಧ ಬಿಟ್ಟಿದ್ದೇವೆ" ಅಂದರೆ ಯಾವುದರಲ್ಲಿ ಅರ್ಧ ಅಂತ ನಿಮಗೆ ಹೇಗೆ ಗೊತ್ತಾಗಬೇಕು?

ಹೆದರಿಸಲು ಬರುವವರ ಮಾತನ್ನೂ ಹೇಳಿಬಿಡುತ್ತೇನೆ. ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 2022ರ ಆದೇಶ ಇದೆ. ಹಣದ ಡಿಕ್ರಿ ಹಿಡಿದು ಬಂದರೂ ಉಳುವ ಎತ್ತು, ನೇಗಿಲು, ಬಿತ್ತನೆ ಬೀಜ, ರೈತ ವಾಸ ಮಾಡುವ ಮನೆ ಇವನ್ನು ಜಪ್ತಿ ಮಾಡಕೂಡದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಅಡ ಇಟ್ಟದ್ದಕ್ಕೆ ಮಾತ್ರ ಈ ರಕ್ಷಣೆ ಇಲ್ಲ, ಮರೆಯಬೇಡಿ. (ಸೊಸೈಟಿ ಸಾಲದ ದಾರಿಯೇ ಬೇರೆ, ಅದು ಇನ್ನೊಂದು ದಿನ.)

ಮನ್ನಾ ಆದೀತು ಎಂದು ಕಾಯುವವರಿದ್ದಾರೆ. 2008ರಲ್ಲಿ ಕೇಂದ್ರ ಮಾಡಿತು, 2018ರಲ್ಲಿ ರಾಜ್ಯ ಮಾಡಿತು. ಎರಡರಲ್ಲೂ ಹೊರಗುಳಿದವರು ನಿಮ್ಮ ಊರಲ್ಲೇ ಇದ್ದಾರೆ, ಕೇಳಿ ನೋಡಿ. ಕಾಯುವ ಕಾಲಕ್ಕೂ ಬಡ್ಡಿ ಓಡುತ್ತಲೇ ಇರುತ್ತದೆ.

ರಾಜಿಗೆ ಲೋಕ ಅದಾಲತ್ ಒಳ್ಳೆಯ ಜಾಗ. ಅಲ್ಲಿ ಇತ್ಯರ್ಥವಾದರೆ ದಾವಾ ಹಾಕಿದವರಿಗೆ ಕೋರ್ಟು ಶುಲ್ಕ ವಾಪಸು ಸಿಗುತ್ತದೆ, ಅದಕ್ಕೇ ಬ್ಯಾಂಕಿನವರೂ ಸ್ವಲ್ಪ ಬಗ್ಗುತ್ತಾರೆ. ಆದರೆ ಅಲ್ಲಿನ ತೀರ್ಪಿಗೆ ಅಪೀಲು ಇಲ್ಲ. ಆದ್ದರಿಂದ ಕಂತಿನ ತಾರೀಖು ಸುಗ್ಗಿಯಾದ ಮೇಲೆ ಹಾಕಿಸಿ. ಒಂದು ಕಂತು ತಪ್ಪಿದರೆ ಪೂರ್ತಿ ಬಾಕಿ ಎನ್ನುವ ಸಾಲು ಇದೆಯೇ ಓದಿಸಿ. ಕೈಸಾಲದವನ ಹತ್ತಿರ ತಿಂಗಳಿಗೆ ನೂರಕ್ಕೆ 3ರಂತೆ ತಂದು ಬ್ಯಾಂಕಿಗೆ ಕಟ್ಟುವುದಾದರೆ ರಾಜಿಯೇ ಬೇಡ, ಅದು ವರ್ಷಕ್ಕೆ 36 ಆಯಿತು.

ದುಡ್ಡು ಕಟ್ಟುವುದು ಬ್ಯಾಂಕಿನ ಖಾತೆಗೆ, ಏಜೆಂಟನ ಕೈಗಲ್ಲ. ಕಡೆಯ ಕಂತು ಮುಗಿದ ದಿನವೇ ಬಾಕಿ ಇಲ್ಲದ ಪತ್ರ ತಗೊಂಡು, ಅಡಮಾನ ಬಿಡಿಸಿ, ಪಹಣಿಯ ಋಣದ ಕಾಲಂನಿಂದ ಬ್ಯಾಂಕಿನ ಹೆಸರು ತೆಗೆಸಿ. ತೆಗೆದದ್ದಕ್ಕೆ ಹೊಸ ಪಹಣಿಯ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾಡಕಚೇರಿಯಿಂದ ಹೊರಡಿ.